ಟ್ಯಾಬ್ಲೆಟ್‌ನ ಕೆಟ್ಟ ಪವರ್ ಬಟನ್ ಮನೆಯಲ್ಲೇ ಬದಲಿಸುವ ಬಗೆ

ಟ್ಯಾಬ್ಲೆಟ್‌ನ ಅಂಚಿನಲ್ಲಿ ಬೆರಳಿಗೆ ತಾಗುವ ಪವರ್ ಬಟನ್ ನೋಡುವುದಕ್ಕೆ ಒಂದೇ ವಸ್ತುವಿನಂತೆ ಕಂಡರೂ ಒಳಗೆ ಅದು ಮೂರು ಭಾಗಗಳ ಜೋಡಣೆ. ಹೊರಗೆ ಕಾಣುವುದು ಪ್ಲಾಸ್ಟಿಕ್ಕಿನ ಅಥವಾ ಲೋಹದ ಒಂದು ಸಣ್ಣ ಟೋಪಿ. ಅದರ ಬೆನ್ನಿಗೆ ಅಕ್ಕಿಕಾಳಿನಷ್ಟು ಚಿಕ್ಕದಾದ ಒಂದು ಸ್ವಿಚ್. ಆ ಸ್ವಿಚ್ಚನ್ನು ಹೊತ್ತು ಮದರ್‌ಬೋರ್ಡಿನವರೆಗೆ ಸಾಗುವ, ಕಾಗದದಷ್ಟು ತೆಳುವಾದ ಒಂದು ಪಟ್ಟಿ. ರಿಪೇರಿ ಅಂಗಡಿಗಳಲ್ಲಿ ಈ ಪಟ್ಟಿಯನ್ನು ‘ಆನ್-ಆಫ್ ಫ್ಲೆಕ್ಸ್’ ಎಂದೋ ಬರಿದೇ ‘ಫ್ಲೆಕ್ಸ್’ ಎಂದೋ ಕರೆಯುತ್ತಾರೆ. ವಾಲ್ಯೂಮ್ ಬಟನ್‌ಗಳ ಸ್ವಿಚ್ಚುಗಳೂ ಬಹಳಷ್ಟು ಮಾದರಿಗಳಲ್ಲಿ ಇದೇ ಪಟ್ಟಿಯ ಮೇಲೆ ಕುಳಿತಿರುತ್ತವೆ. ಬಟನ್ ಕೆಟ್ಟಿದೆ ಎಂದಾಗ ಈ ಮೂರರಲ್ಲಿ ಕೆಟ್ಟಿರುವುದು ಯಾವುದು ಎಂದು ತಿಳಿಯದೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರೆ, ಬೇಡದ ಬಿಡಿಭಾಗಕ್ಕೆ ಹಣ ಕೊಟ್ಟು, ಚೆನ್ನಾಗಿದ್ದ ಇನ್ನೊಂದನ್ನು ಮುರಿದುಕೊಳ್ಳುವ ಸಂಭವವೇ ಹೆಚ್ಚು. ಆದ್ದರಿಂದ ಈ ಬರಹದ ಸಾಕಷ್ಟು ಭಾಗ ಬಿಚ್ಚುವುದಕ್ಕೆ ಮುಂಚಿನ ಕೆಲಸಕ್ಕೇ ಮೀಸಲಾಗಿದೆ. ಇಲ್ಲಿ ವಿವರಿಸುವ ಕ್ರಮ ಹಿಂಬದಿಯ ಮುಚ್ಚಳ ಕೊಂಡಿಗಳ ಮೇಲೆ ನಿಂತಿರುವ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಿಗೆ ಹೊಂದುತ್ತದೆ. ಐಪ್ಯಾಡ್‌ಗಳ ವಿಚಾರ ಬೇರೆಯೇ ಆಗಿರುವುದರಿಂದ ಅದನ್ನು ಮುಂದೆ ಪ್ರತ್ಯೇಕವಾಗಿ ಹೇಳಿದ್ದೇನೆ.

ಬಿಚ್ಚುವ ಮೊದಲು

ಎಲ್ಲಕ್ಕೂ ಮುಂಚೆ ಟ್ಯಾಬ್ಲೆಟ್‌ಗೆ ತೊಡಿಸಿರುವ ಕವರ್ ತೆಗೆದು ಬಟನ್ ಒತ್ತಿ ನೋಡಬೇಕು. ಇದು ತೀರಾ ಸಾಮಾನ್ಯ ಮಾತೆನಿಸಬಹುದು. ಆದರೆ ನೆರೆಮನೆಯ ಹುಡುಗನೊಬ್ಬ ತನ್ನಷ್ಟಕ್ಕೆ ತಾನೇ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದ ಟ್ಯಾಬ್ಲೆಟ್ ತಂದುಕೊಟ್ಟಾಗ ನಾನು ಅರ್ಧ ಗಂಟೆ ಸಾಫ್ಟ್‌ವೇರನ್ನು ಶಂಕಿಸಿ ಕುಳಿತಿದ್ದೆ, ಕೊನೆಗೆ ನೋಡಿದರೆ ಬಿಗಿಯಾದ ರಬ್ಬರ್ ಕವರ್ ಪವರ್ ಬಟನ್ನನ್ನು ಸದಾ ಒತ್ತಿ ಹಿಡಿದಿತ್ತು. ಕವರ್ ತೆಗೆದ ಮೇಲೂ ತೊಂದರೆ ಉಳಿದರೆ, ಒಣಗಿದ ಮೆದು ಹಲ್ಲುಜ್ಜುವ ಬ್ರಷ್‌ನಿಂದ ಬಟನ್‌ನ ಸುತ್ತಲಿನ ಸಂದನ್ನು ಉಜ್ಜಿ, ಕೂತ ಧೂಳನ್ನೂ ಕೈಯ ಜಿಡ್ಡನ್ನೂ ಹೊರಗೆ ತರಬೇಕು. ಸೂಜಿ ಹಾಕಿ ಕೆದಕಬಾರದು, ಏಕೆಂದರೆ ಅದರ ಮೊನೆ ಒಳಗಿನ ಸ್ವಿಚ್ಚಿಗೆ ನೇರವಾಗಿ ತಾಗುತ್ತದೆ.

ಆಮೇಲೆ ಕಿವಿಯನ್ನೂ ಬೆರಳನ್ನೂ ನಂಬಬೇಕು. ಸರಿಯಾದ ಸ್ವಿಚ್ ಒತ್ತಿದಾಗ ‘ಟಿಕ್’ ಎಂಬ ಸಣ್ಣ ಪೆಟ್ಟು ಬೆರಳ ತುದಿಗೆ ತಿಳಿಯುತ್ತದೆ. ಅದು ಸ್ವಿಚ್ಚಿನೊಳಗಿರುವ ಗುಮ್ಮಟದಾಕಾರದ ತೆಳು ಲೋಹದ ಬಿಲ್ಲೆ ಒಳಕ್ಕೆ ಬಗ್ಗಿ ಮತ್ತೆ ಮೇಲೇಳುವ ಸದ್ದು. ಟಿಕ್ ಎನ್ನದೆ ಬಟನ್ ಸಡಿಲವಾಗಿ ಒಳಹೋಗುತ್ತಿದ್ದರೆ ಹೊರಗಿನ ಟೋಪಿಯ ಕಾಲು ಮುರಿದಿದೆ ಅಥವಾ ಸ್ವಿಚ್ ತನ್ನ ಜಾಗದಿಂದ ಹಿಂದಕ್ಕೆ ಸರಿದಿದೆ ಎಂದು ಊಹಿಸಬಹುದು. ಟಿಕ್ ಎಂಬುದು ಚೆನ್ನಾಗಿಯೇ ಕೇಳಿಸಿ ಪರದೆ ಮಾತ್ರ ಎಚ್ಚರಗೊಳ್ಳದಿದ್ದರೆ ತಪ್ಪು ಸ್ವಿಚ್ಚಿನ ಒಳಗಿನ ಸಂಪರ್ಕದಲ್ಲೋ ಫ್ಲೆಕ್ಸ್‌ನಲ್ಲೋ ಇದೆ. ಹತ್ತು ಸಲ ಒತ್ತಿದಾಗ ಮೂರು ಸಲ ಮಾತ್ರ ಕೆಲಸ ಮಾಡುವ ಬಟನ್‌ಗೆ ಬಹುತೇಕ ಕಿಲುಬೇ ಕಾರಣ; ಮಂಗಳೂರು, ಉಡುಪಿ, ಕಾರವಾರದಂಥ ಕಡಲ ತೀರದ ಊರುಗಳಲ್ಲಿ ಉಪ್ಪುಗಾಳಿಯ ದೆಸೆಯಿಂದ ಇದು ಬೇಗ ಬರುತ್ತದೆ. ಇನ್ನು, ಯಾರೂ ಮುಟ್ಟದಿದ್ದರೂ ಟ್ಯಾಬ್ಲೆಟ್ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದರೆ ಸ್ವಿಚ್ ಒತ್ತಿದ ಸ್ಥಿತಿಯಲ್ಲೇ ಅಂಟಿಕೊಂಡಿರುವ ಸಾಧ್ಯತೆಯಿದೆ.

ಬಿಡಿಭಾಗ ಕೈಸೇರುವವರೆಗೆ ಟ್ಯಾಬ್ಲೆಟ್ ಆರಿಹೋಗದಂತೆ ಕಾಪಾಡಿಕೊಳ್ಳುವುದು ಜಾಣತನ, ಏಕೆಂದರೆ ಒಮ್ಮೆ ಪೂರ್ತಿ ಆಫ್ ಆದರೆ ಅದನ್ನು ಮತ್ತೆ ಎಬ್ಬಿಸುವುದಕ್ಕೆ ಅದೇ ಕೆಟ್ಟ ಬಟನ್ ಬೇಕು. ಆಂಡ್ರಾಯ್ಡ್ 9 ಹಾಗೂ ಅದರ ನಂತರದ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದೊಳಗೆ ‘ಆಕ್ಸೆಸಿಬಿಲಿಟಿ ಮೆನು’ ಎಂಬ ಸೌಲಭ್ಯವಿದ್ದು, ಅದನ್ನು ಆನ್ ಮಾಡಿಕೊಂಡರೆ ಪರದೆಯನ್ನು ಲಾಕ್ ಮಾಡುವುದು, ಪವರ್ ಮೆನು ತೆರೆಯುವುದು, ಧ್ವನಿ ಏರಿಸಿ ಇಳಿಸುವುದು ಇವೆಲ್ಲ ಪರದೆಯ ಮೇಲಿಂದಲೇ ಆಗುತ್ತವೆ. ಸ್ಯಾಮ್‌ಸಂಗ್ ಟ್ಯಾಬ್ಲೆಟ್‌ಗಳಲ್ಲಿ ಇದೇ ಕೆಲಸಕ್ಕೆ ‘ಅಸಿಸ್ಟೆಂಟ್ ಮೆನು’ ಇದೆ. ಪರದೆಯನ್ನು ಎರಡು ಬಾರಿ ತಟ್ಟಿ ಎಬ್ಬಿಸುವ ಆಯ್ಕೆ ನಿಮ್ಮ ಮಾದರಿಯಲ್ಲಿದ್ದರೆ ಅದನ್ನೂ ಆನ್ ಮಾಡಿಡಿ. ಈ ಬಿಡುವಿನಲ್ಲಿ ಫೋಟೋ, ಕಡತಗಳನ್ನೆಲ್ಲ ಕಂಪ್ಯೂಟರಿಗೋ ಕ್ಲೌಡಿಗೋ ನಕಲು ಮಾಡಿಕೊಳ್ಳುವುದನ್ನು ಮಾತ್ರ ಮರೆಯಬಾರದು. ಮನೆಯ ಹಿರಿಯರು ವಾರಕ್ಕೆರಡು ಸಲ ಪಂಚಾಂಗ ನೋಡುವುದಕ್ಕಷ್ಟೇ ಬಳಸುವ ಟ್ಯಾಬ್ಲೆಟ್ ಆಗಿದ್ದರೆ, ನಿಜಕ್ಕೂ ಈ ಮೆನುವೇ ಸಾಕು, ಬಿಚ್ಚುವ ಗೊಡವೆಯೇ ಬೇಡ ಎಂಬುದು ನನ್ನ ಅಭಿಪ್ರಾಯ.

ಕೈಹಾಕಬಾರದ ಸಂದರ್ಭಗಳೂ ಇವೆ. ವಾರಂಟಿ ಮುಗಿಯದ ಟ್ಯಾಬ್ಲೆಟ್ಟನ್ನು ಸರ್ವಿಸ್ ಸೆಂಟರಿಗೇ ಕೊಡಬೇಕು. ಹಿಂಬದಿ ಉಬ್ಬಿದ್ದರೆ ಅಥವಾ ಪರದೆ ಒಂದು ಬದಿಯಲ್ಲಿ ಮೇಲೆದ್ದಿದ್ದರೆ ಒಳಗಿನ ಬ್ಯಾಟರಿ ಊದಿದೆ ಎಂದರ್ಥ. ಅಂಥದ್ದಕ್ಕೆ ಸ್ವಲ್ಪ ಮೊನೆ ತಾಗಿದರೂ ಬೆಂಕಿ ಹತ್ತಬಹುದು, ಆದ್ದರಿಂದ ಚಾರ್ಜ್ ಮಾಡುವುದನ್ನು ನಿಲ್ಲಿಸಿ ತಿಳಿದವರ ಬಳಿಗೆ ಒಯ್ಯಬೇಕು. ನೀರು ಒಳಹೋಗದಂತೆ ಮುಚ್ಚಿದ ಮಾದರಿಗಳನ್ನು, ಉದಾಹರಣೆಗೆ 2023ರ ಗ್ಯಾಲಕ್ಸಿ ಟ್ಯಾಬ್ ಎಸ್9 ಸರಣಿಯನ್ನು, ಮನೆಯಲ್ಲಿ ಬಿಚ್ಚಿದರೆ ಆ ರಕ್ಷಣೆ ಮೊದಲಿನಂತೆ ಉಳಿಯುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ಐಪ್ಯಾಡ್‌ಗಳಲ್ಲಿ ಹಿಂಬದಿ ಬಿಚ್ಚಿಕೊಳ್ಳುವುದೇ ಇಲ್ಲ; ಮುಂದಿನ ಗಾಜನ್ನು ಬಿಸಿ ಮಾಡಿ, ಅಂಟು ಕರಗಿಸಿ ಎಬ್ಬಿಸಬೇಕಾಗುತ್ತದೆ, ಮತ್ತು ಹೊಸಬರ ಕೈಯಲ್ಲಿ ಆ ಗಾಜು ಒಡೆಯುವುದು ಸಾಮಾನ್ಯ. ಕೆಟ್ಟಿರುವುದು ಪವರ್ ಬಟನ್ ಅಲ್ಲ, ಪರದೆಯ ಕೆಳಗಿನ ಹೋಮ್ ಬಟನ್ ಆಗಿದ್ದರೆ ಇದರ ಜೊತೆಗೆ ಇನ್ನೊಂದು ತೊಡಕಿದೆ. 2013ರ ಮೊದಲ ಐಪ್ಯಾಡ್ ಏರ್‌ನವರೆಗೆ ಹೋಮ್ ಬಟನ್ ಬರಿಯ ಬಟನ್ನಾಗಿತ್ತು. 2014ರ ಐಪ್ಯಾಡ್ ಏರ್ 2 ಮತ್ತು ಐಪ್ಯಾಡ್ ಮಿನಿ 3ರಿಂದ ಅದರೊಳಗೆ ಟಚ್ ಐಡಿ ಎಂಬ ಬೆರಳಚ್ಚಿನ ಸಂವೇದಕ ಸೇರಿತು. ಈ ಸಂವೇದಕಕ್ಕೂ ಅದೇ ಯಂತ್ರದ ಮದರ್‌ಬೋರ್ಡಿಗೂ ಕಾರ್ಖಾನೆಯಲ್ಲೇ ಗಂಟುಹಾಕಿರುತ್ತಾರೆ. ಹೀಗಾಗಿ ಹೊರಗಿನಿಂದ ತಂದ ಬಟನ್ ಹಾಕಿದರೆ ಒತ್ತುವ ಕೆಲಸ ನಡೆದೀತು, ಬೆರಳಚ್ಚು ಗುರುತಿಸುವ ಕೆಲಸ ನಡೆಯುವುದಿಲ್ಲ. ಅಂಥ ಐಪ್ಯಾಡ್ ಇರುವವರು ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಟಚ್, ಅದರೊಳಗೆ ಅಸಿಸ್ಟಿವ್‌ಟಚ್ ಆನ್ ಮಾಡಿಕೊಂಡು ಪರದೆಯ ಮೇಲೆ ತೇಲುವ ಬಟನ್ನಿನಿಂದ ಕೆಲಸ ಸಾಗಿಸುವುದೇ ಮೇಲು.

ಬಿಡಿಭಾಗ ಮತ್ತು ಸಲಕರಣೆ

ಬಿಡಿಭಾಗ ಕೊಳ್ಳುವಾಗ ಟ್ಯಾಬ್ಲೆಟ್‌ನ ಮಾರುಕಟ್ಟೆಯ ಹೆಸರು ಸಾಲದು, ಮಾದರಿ ಸಂಖ್ಯೆ ಬೇಕು. ಗ್ಯಾಲಕ್ಸಿ ಟ್ಯಾಬ್ ಎ7 ಎಂಬ ಒಂದೇ ಹೆಸರಿನಲ್ಲಿ ವೈಫೈ ಮಾತ್ರ ಇರುವ ಎಸ್‌ಎಂ-ಟಿ500 ಮತ್ತು ಸಿಮ್ ಹಾಕಬಹುದಾದ ಎಸ್‌ಎಂ-ಟಿ505 ಎಂಬ ಎರಡು ಬಗೆಗಳಿದ್ದವು. ಹೀಗೆ ಒಂದೇ ಹೆಸರಿನ ಎರಡರಲ್ಲಿ ಒಳಗಿನ ಪಟ್ಟಿಯ ಆಕಾರ ಬೇರೆಯಾಗಿರುವುದೂ ಉಂಟು. ಈ ಸಂಖ್ಯೆ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ, ಇಲ್ಲವೆ ಸೆಟ್ಟಿಂಗ್ಸ್‌ನ ‘ಅಬೌಟ್ ಟ್ಯಾಬ್ಲೆಟ್’ ವಿಭಾಗದಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿರುವವರು ಸಾದರ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌.ಪಿ. ರೋಡಿನ ಅಂಗಡಿಗಳಲ್ಲಿ ವಿಚಾರಿಸಬಹುದು. ಉಳಿದವರಿಗೆ ಆನ್‌ಲೈನ್ ಮಾರಾಟ ತಾಣಗಳೇ ಗತಿ. ಎಲ್ಲಿಯೇ ಕೊಂಡರೂ, ಬಿಡಿಭಾಗ ಬರುವವರೆಗೆ ಟ್ಯಾಬ್ಲೆಟ್ ಆಫ್ ಆಗಿದ್ದರೂ ನಡೆಯುವುದಾದರೆ, ನಾನು ಅನುಸರಿಸುವ ಪದ್ಧತಿಯೆಂದರೆ, ಮೊದಲು ಟ್ಯಾಬ್ಲೆಟ್ ಬಿಚ್ಚಿ, ಹಳೆಯ ಫ್ಲೆಕ್ಸ್‌ನ ಫೋಟೋ ತೆಗೆದು, ಅದರ ಮೇಲೆ ಮುದ್ರಿಸಿರುವ ಸಂಖ್ಯೆಯನ್ನು ಬರೆದುಕೊಂಡು, ಮತ್ತೆ ಮುಚ್ಚಿ, ಅನಂತರ ತರಿಸುವುದು. ಎರಡು ಸಲ ಬಿಚ್ಚುವ ಶ್ರಮ ತಪ್ಪು ಪಟ್ಟಿಗಾಗಿ ಹತ್ತು ದಿನ ಕಾಯುವುದಕ್ಕಿಂತ ಕಡಿಮೆಯೇ.

ಸ್ವಿಚ್ಚನ್ನಷ್ಟೇ ಬಿಡಿಯಾಗಿ ತಂದು ಬೆಸುಗೆ ಹಾಕುವುದು ಅಗ್ಗದ ದಾರಿ. ಫ್ಲೆಕ್ಸ್ ಪಟ್ಟಿ ಸಾಮಾನ್ಯವಾಗಿ ಪಾಲಿಇಮೈಡ್ ಎಂಬ ಶಾಖ ತಾಳುವ ವಸ್ತುವಿನದಾದ್ದರಿಂದ ಅದು ಬೆಸುಗೆಯ ಬಿಸಿಯನ್ನು ತಡೆದುಕೊಳ್ಳುತ್ತದೆ. ಆದರೆ ಸ್ವಿಚ್ಚಿನ ಪ್ಲಾಸ್ಟಿಕ್ ತಡೆಯುವುದಿಲ್ಲ, ಮತ್ತು ಅದರ ಕಾಲುಗಳ ಕೆಳಗಿರುವ ತಾಮ್ರದ ತೆಳು ಗೆರೆ ಸ್ವಲ್ಪ ಎಳೆದರೂ ಕಿತ್ತು ಬರುತ್ತದೆ. ಸಣ್ಣ ಬೆಸುಗೆಯಲ್ಲಿ ಕೈ ಪಳಗದವರು ಸ್ವಿಚ್ಚು ಕೂಡಿಯೇ ಬರುವ ಇಡೀ ಫ್ಲೆಕ್ಸ್ ಬದಲಿಸುವುದೇ ಸರಿ.

ಸಲಕರಣೆಗಳು ಹೆಚ್ಚೇನೂ ಬೇಡ. ಪಿಎಚ್00 ಅಳತೆಯ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಗಿಟಾರ್ ನುಡಿಸುವ ಪ್ಲಾಸ್ಟಿಕ್ ಬಿಲ್ಲೆಯಂತಿರುವ ಎರಡು ಮೂರು ಓಪನರ್‌ಗಳು, ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿ, ಚೂಪು ತುದಿಯ ಚಿಮಟ, ಹೇರ್ ಡ್ರೈಯರ್, 99 ಪ್ರತಿಶತ ಶುದ್ಧತೆಯ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಸಾಧ್ಯವಾದರೆ ಒಂದು ಮಲ್ಟಿಮೀಟರ್. ಕೈ ತೊಳೆಯುವ ಸ್ಯಾನಿಟೈಸರಿನಲ್ಲಿ ನೀರೂ ಗ್ಲಿಸರಿನ್ನಂಥ ಜಿಡ್ಡಿನ ವಸ್ತುಗಳೂ ಇರುವುದರಿಂದ ಆಲ್ಕೊಹಾಲಿನ ಬದಲಿಗೆ ಅದನ್ನು ಬಳಸಬಾರದು. ಥಿನ್ನರಂತೂ ಪ್ಲಾಸ್ಟಿಕ್ಕನ್ನೇ ಕರಗಿಸಿಬಿಡುತ್ತದೆ. ಮೇಜಿನ ಮೇಲೆ ತಿಳಿ ಬಣ್ಣದ ಹತ್ತಿಬಟ್ಟೆ ಹಾಸಿಕೊಂಡರೆ ಕೈಜಾರಿದ ಸ್ಕ್ರೂ ಪುಟಿದು ಓಡುವುದಿಲ್ಲ. ಫ್ಯಾನ್ ಆರಿಸಿ ಕುಳಿತುಕೊಳ್ಳಿ. ಸ್ಕ್ರೂ ಅಲ್ಲದಿದ್ದರೂ ಬಟನ್ನಿನ ಹಿಂದಿರುವ ಎಳ್ಳಿನಷ್ಟು ರಬ್ಬರ್ ತುಣುಕು ಗಾಳಿಗೆ ಹಾರುತ್ತದೆ.

ಬಿಚ್ಚುವುದು

ಬ್ಯಾಟರಿ ಮಟ್ಟ 25 ಪ್ರತಿಶತಕ್ಕಿಂತ ಕೆಳಗಿಳಿದ ಮೇಲೆ ಪರದೆಯ ಮೆನುವಿನಿಂದ ಟ್ಯಾಬ್ಲೆಟ್ ಆಫ್ ಮಾಡಬೇಕು. ಲಿಥಿಯಂ ಬ್ಯಾಟರಿಗೆ ಅಕಸ್ಮಾತ್ ಪೆಟ್ಟು ಬಿದ್ದರೂ ಅದರಲ್ಲಿ ಶಕ್ತಿ ಕಡಿಮೆಯಿದ್ದಷ್ಟೂ ಅಪಾಯ ಕಡಿಮೆ. ಅನಂತರ ಸಿಮ್ ಮತ್ತು ಮೆಮೊರಿ ಕಾರ್ಡಿನ ಟ್ರೇಯನ್ನು ಹೊರಗೆಳೆದಿಡಬೇಕು. ಇದನ್ನು ಮರೆತು ಮುಚ್ಚಳ ಎಬ್ಬಿದರೆ ಕಾರ್ಡು ನಡುವೆ ಮುರಿಯುತ್ತದೆ, ಅಥವಾ ಟ್ರೇ ತನ್ನ ಜೊತೆಗೆ ಒಳಗಿನ ಸಾಕೆಟ್ಟಿನ ತಂತಿಗಳನ್ನೂ ಎಳೆದುಕೊಂಡು ಬರುತ್ತದೆ. ಹೊರಗೆ ಕಾಣುವ ಸ್ಕ್ರೂಗಳು ಚಾರ್ಜಿಂಗ್ ಕಿಂಡಿಯ ಪಕ್ಕದಲ್ಲೋ ರಬ್ಬರ್ ಮುಚ್ಚಳಗಳ ಅಡಿಯಲ್ಲೋ ಇದ್ದರೆ ಅವನ್ನು ಮೊದಲು ಬಿಚ್ಚಿಕೊಳ್ಳಬೇಕು.

ಮುಚ್ಚಳ ಮತ್ತು ಚೌಕಟ್ಟು ಸೇರುವ ಗೆರೆಯಲ್ಲಿ ಓಪನರ್‌ನ ತುದಿಯನ್ನು ತೂರಿಸಿ, ಬಟನ್‌ಗಳಿಲ್ಲದ ಉದ್ದನೆಯ ಬದಿಯಿಂದ ಆರಂಭಿಸಬೇಕು. ತುದಿ 2 ಮಿಲಿಮೀಟರಿಗಿಂತ ಹೆಚ್ಚು ಒಳಗೆ ಹೋಗದಿರಲಿ. ಸ್ವಲ್ಪ ತಿರುವಿದರೆ ಒಂದು ಕೊಂಡಿ ‘ಟಪ್’ ಎಂದು ಬಿಡುತ್ತದೆ. ಆ ಓಪನರನ್ನು ಅಲ್ಲೇ ಬಿಟ್ಟು, ಇನ್ನೊಂದನ್ನು ತೆಗೆದುಕೊಂಡು ಮುಂದಿನ ಕೊಂಡಿಗೆ ಹೋಗಬೇಕು. ಮೊದಲ ಸದ್ದು ಕೇಳಿದಾಗ ಏನೋ ಮುರಿಯಿತೆಂದು ಎದೆ ಝಲ್ಲೆನ್ನುವುದು ಸಹಜ, ಮೂರನೆಯ ಕೊಂಡಿಯ ಹೊತ್ತಿಗೆ ಅಭ್ಯಾಸವಾಗುತ್ತದೆ. ಯಾವುದಾದರೂ ಬದಿ ಜಗ್ಗದಿದ್ದರೆ ಅಲ್ಲಿ ಅಂಟು ಇರಬಹುದು. ಡ್ರೈಯರನ್ನು ಒಂದೇ ಕಡೆ ಹಿಡಿಯದೆ ಆ ಅಂಚಿನುದ್ದಕ್ಕೂ ಒಂದೆರಡು ನಿಮಿಷ ಆಡಿಸಿ, ಕೈಗೆ ಬಿಸಿ ತಾಗುವಷ್ಟಾದ ಮೇಲೆ ಮತ್ತೆ ಪ್ರಯತ್ನಿಸಬೇಕು. ಮುಚ್ಚಳ ಪೂರ್ತಿ ಬಿಟ್ಟುಕೊಂಡಿತೆಂದು ಸರ್ರನೆ ಎತ್ತಬಾರದು: ಕೆಲವು ಮಾದರಿಗಳಲ್ಲಿ ಸ್ಪೀಕರಿನ ಅಥವಾ ಬೆರಳಚ್ಚಿನ ತಂತಿ ಮುಚ್ಚಳಕ್ಕೂ ಬೋರ್ಡಿಗೂ ನಡುವೆ ಇರುತ್ತದೆ. ಪುಸ್ತಕ ತೆರೆದಂತೆ ಒಂದು ಬದಿಯಿಂದ ನಿಧಾನವಾಗಿ ಎತ್ತಿ ಇಣುಕಿ ನೋಡಿ, ಆಮೇಲೆ ಬೇರ್ಪಡಿಸಬೇಕು.

ಒಳಗೆ ಕಣ್ಣಿಗೆ ಬೀಳುವ ದೊಡ್ಡ ಚಪ್ಪಟೆ ವಸ್ತುವೇ ಬ್ಯಾಟರಿ. ಬೇರೇನನ್ನೂ ಮುಟ್ಟುವ ಮುಂಚೆ ಅದರ ತಂತಿ ಬೋರ್ಡಿಗೆ ಕೂಡುವ ಕನೆಕ್ಟರನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಬೇಕು. ಲೋಹದ ಸಲಕರಣೆಯನ್ನು ಇಲ್ಲಿ ಬಳಸಿದರೆ ಎರಡು ಪಿನ್ನುಗಳು ಒಂದಕ್ಕೊಂದು ತಾಗಿ ಬೋರ್ಡೇ ಸುಟ್ಟುಹೋದೀತು. ಟ್ಯಾಬ್ಲೆಟ್ ಆಫ್ ಆಗಿದೆಯಲ್ಲ ಎಂದು ಈ ಹೆಜ್ಜೆಯನ್ನು ಬಿಡುವವರಿದ್ದಾರೆ. ಆಫ್ ಆಗಿದ್ದರೂ ಬೋರ್ಡಿಗೆ ಬ್ಯಾಟರಿಯ ವಿದ್ಯುತ್ ಹರಿದಿರುತ್ತದೆ, ಇಲ್ಲವಾಗಿದ್ದರೆ ಪವರ್ ಬಟನ್ ಒತ್ತಿದ್ದು ಅದಕ್ಕೆ ತಿಳಿಯುವುದಾದರೂ ಹೇಗೆ? ಕನೆಕ್ಟರ್ ಬಿಡಿಸುವ ಮುಂಚೆ ಕಿಟಕಿಯ ಸರಳನ್ನೋ ನಲ್ಲಿಯನ್ನೋ ಒಮ್ಮೆ ಮುಟ್ಟಿದರೆ ಮೈಮೇಲಿನ ಸ್ಥಿರ ವಿದ್ಯುತ್ ಇಳಿದುಹೋಗುತ್ತದೆ. ಈ ಹಂತದಲ್ಲಿ ಇಡೀ ಒಳಭಾಗದ ಎರಡು ಮೂರು ಫೋಟೋ ತೆಗೆದಿಟ್ಟುಕೊಳ್ಳಿ.

ಪರೀಕ್ಷೆ, ಆಮೇಲೆ ಬದಲಾವಣೆ

ಬಟನ್‌ನ ಹಿಂದೆ ನೋಡಿದರೆ ಫ್ಲೆಕ್ಸ್ ಅಂಚಿನ ಗೋಡೆಗೆ ಅಂಟಿಕೊಂಡಿರುವುದೂ, ಅದರ ಮೇಲೆ ಸ್ವಿಚ್ಚು ಕುಳಿತಿರುವುದೂ ಕಾಣುತ್ತದೆ. ಮಲ್ಟಿಮೀಟರನ್ನು ಬೀಪ್ ಸದ್ದು ಮಾಡುವ ಕಂಟಿನ್ಯೂಟಿ ಸ್ಥಾನಕ್ಕೆ ತಿರುಗಿಸಿ, ಸ್ವಿಚ್ಚಿನ ಎರಡು ಸಂಪರ್ಕದ ಕಾಲುಗಳಿಗೆ ಎರಡು ಮೊನೆಗಳನ್ನು ತಾಗಿಸಿ ಸ್ವಿಚ್ ಒತ್ತಬೇಕು. ಒತ್ತಿದಾಗ ಬೀಪ್ ಬಂದು ಬಿಟ್ಟಾಗ ನಿಂತರೆ ಸ್ವಿಚ್ ಆರೋಗ್ಯವಾಗಿದೆ. ತಪ್ಪು ಟೋಪಿಯಲ್ಲೋ ಫ್ಲೆಕ್ಸ್‌ನ ಮಡಿಕೆಯಲ್ಲೋ ಕನೆಕ್ಟರಿನಲ್ಲೋ ಇದೆ. ಒತ್ತಿದರೂ ಬೀಪ್ ಬಾರದಿದ್ದರೆ, ಒತ್ತದೆಯೂ ಬರುತ್ತಿದ್ದರೆ, ಅಥವಾ ಬಂದೂ ಬಾರದಂತೆ ತಡವರಿಸುತ್ತಿದ್ದರೆ ಸ್ವಿಚ್ ಮುಗಿದಂತೆ. ತಡವರಿಸುವ ಸ್ವಿಚ್ಚಿಗೆ ಒಂದು ಹನಿ ಆಲ್ಕೊಹಾಲ್ ಬಿಟ್ಟು ಇಪ್ಪತ್ತು ಮೂವತ್ತು ಸಲ ಒತ್ತಿ, ಚೆನ್ನಾಗಿ ಆರಲು ಬಿಟ್ಟು ಮತ್ತೆ ಅಳೆದರೆ ಕೆಲವೊಮ್ಮೆ ಜೀವ ಬರುತ್ತದೆ. ಈ ಚೇತರಿಕೆ ಎಷ್ಟು ದಿನ ಬಾಳುತ್ತದೆಂದು ಹೇಳಲಾಗದು. ಹೊಸ ಫ್ಲೆಕ್ಸ್ ಕೈಯಲ್ಲಿದ್ದರೆ ಅದನ್ನೇ ಹಾಕಿಬಿಡುವುದು ಲೇಸು.

ಫ್ಲೆಕ್ಸ್‌ನ ಇನ್ನೊಂದು ತುದಿ ಬೋರ್ಡಿಗೆ ಕೂಡುವ ಬಗೆ ಎರಡು. ಒಂದು, ಅಂಗಿಯ ಟಿಚ್ ಬಟನ್ನಿನಂತೆ ಮೇಲಿನಿಂದ ಒತ್ತಿ ಕೂರಿಸುವಂಥದ್ದು. ಅದನ್ನು ಕೆಳಗಿನಿಂದ ನೇರವಾಗಿ ಮೇಲಕ್ಕೆ ಎಬ್ಬಿದರಾಯಿತು. ಇನ್ನೊಂದು, ಪಟ್ಟಿಯನ್ನು ಅಡ್ಡಲಾಗಿ ತೂರಿಸಿ ಮೇಲೊಂದು ಪುಟ್ಟ ಲಾಕ್ ಮುಚ್ಚುವಂಥದ್ದು. ಈ ಎರಡನೆಯದರಲ್ಲೇ ಹೆಚ್ಚು ಜನ ಎಡವುತ್ತಾರೆ, ನಾನೂ ಎಡವಿದ್ದೇನೆ: ಲಾಕ್ ಯಾವ ದಿಕ್ಕಿಗೆ ತೆರೆಯುತ್ತದೆಂದು ನೋಡದೆ ಎಬ್ಬಿ ಅದನ್ನು ಮುರಿದು, ಕೊನೆಗೆ ಪಟ್ಟಿಯ ಮೇಲೆ ತೆಳು ಸ್ಪಂಜಿನ ತುಂಡಿಟ್ಟು ಮುಚ್ಚಳದ ಒತ್ತಡದಿಂದ ಹಿಡಿದು ನಿಲ್ಲಿಸಬೇಕಾಯಿತು. ಸಾಧಾರಣವಾಗಿ ಲಾಕ್ ಪಟ್ಟಿ ತೂರುವ ಬಾಯಿಯ ಎದುರು ಬದಿಯಲ್ಲಿರುತ್ತದೆ, ಇಲ್ಲವೇ ಬಾಯಿಯ ಮೇಲೇ ಇದ್ದು ಬಾಗಿಲಿನಂತೆ ಎದ್ದು ನಿಲ್ಲುತ್ತದೆ. ಕಪ್ಪೋ ಕಂದೋ ಬಣ್ಣದ ಆ ಭಾಗವನ್ನು ಉಗುರಿನ ತುದಿಯಿಂದ ಎತ್ತಿ, ಅದು ನೆಟ್ಟಗೆ ನಿಂತ ಮೇಲೆ ಪಟ್ಟಿಯನ್ನು ಸಮನಾಗಿ ಹಿಂದಕ್ಕೆ ಎಳೆಯಬೇಕು. ಎಳೆಯಲು ಬಲ ಬೇಕೆನಿಸಿದರೆ ಲಾಕ್ ಇನ್ನೂ ತೆರೆದಿಲ್ಲ ಎಂದೇ ತಿಳಿಯಬೇಕು.

ಸ್ವಿಚ್ಚಿನ ಹಿಂದೆ ಅದಕ್ಕೆ ಆಸರೆಯಾಗಿ ಒಂದು ಲೋಹದ ತಗಡು ಇರುವುದುಂಟು. ಅದರ ಸ್ಕ್ರೂ ಬಿಚ್ಚಿ ತೆಗೆದಿಡಿ, ಏಕೆಂದರೆ ಹೊಸ ಫ್ಲೆಕ್ಸ್ ಜೊತೆಗೆ ಅದು ಬರುವುದು ಅಪರೂಪ. ಗೋಡೆಗೆ ಅಂಟಿದ ಪಟ್ಟಿಯನ್ನು ಸ್ವಲ್ಪ ಬಿಸಿ ಮಾಡಿ, ಕಡ್ಡಿಯ ಚಪ್ಪಟೆ ತುದಿಯಿಂದ ಸುಲಿದಂತೆ ಬಿಡಿಸಬೇಕು. ಡ್ರೈಯರಿನ ಬಿಸಿ ಬ್ಯಾಟರಿಯ ಕಡೆಗೆ ಹೋಗದಂತೆ ರಟ್ಟಿನ ತುಂಡನ್ನು ಅಡ್ಡವಿಡುವುದು ಒಳ್ಳೆಯದು. ಹಳೆಯ ಅಂಟಿನ ಉಳಿಕೆಯನ್ನು ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಲೇಬೇಕು. ಇಲ್ಲದಿದ್ದರೆ ಹೊಸ ಸ್ವಿಚ್ ಒಂದು ಕೂದಲೆಳೆಯಷ್ಟು ಮುಂದಕ್ಕೆ ಕುಳಿತು, ಬಟನ್ ಸದಾ ಒತ್ತಿದಂತೆಯೇ ಆಗುತ್ತದೆ. ಹೊರಗಿನ ಟೋಪಿಯ ಕಾಲು ಸವೆದಿದ್ದರೆ ಇದೇ ಸಮಯದಲ್ಲಿ ಅದನ್ನೂ ಬದಲಿಸಬಹುದು. ಹೊಸ ಟೋಪಿ ಸಿಗದಿದ್ದಲ್ಲಿ, ಅದರ ಹಿಂಬದಿಗೆ ತೆಳು ಡಬಲ್ ಟೇಪಿನ ಒಂದು ಚೂರು ಅಂಟಿಸಿ, ಟೇಪಿನ ಮೇಲ್ಮೈ ಸ್ವಿಚ್ಚಿಗೆ ಹಿಡಿಯದಂತೆ ಅದರ ಕಾಗದವನ್ನು ಹಾಗೆಯೇ ಬಿಟ್ಟರೆ, ಸವೆದ ಎತ್ತರ ತುಂಬಿಕೊಳ್ಳುತ್ತದೆ.

ಹೊಸ ಫ್ಲೆಕ್ಸ್‌ನ ಅಂಟಿನ ಕಾಗದವನ್ನು ತಕ್ಷಣವೇ ಸುಲಿಯಬೇಡಿ. ಮೊದಲು ಒಣಗಾಗಿ ಇಟ್ಟು, ಮೂರೂ ಸ್ವಿಚ್ಚುಗಳು ತಮ್ಮ ತಮ್ಮ ಬಟನ್‌ಗಳ ನೇರಕ್ಕೆ ಬರುತ್ತವೆಯೇ, ತುದಿ ಕನೆಕ್ಟರಿನವರೆಗೆ ಎಳೆತವಿಲ್ಲದೆ ತಲುಪುತ್ತದೆಯೇ ಎಂದು ನೋಡಿ, ಹಳೆಯ ಪಟ್ಟಿ ಎಲ್ಲಿ ಮಡಿಸಿತ್ತೋ ಅಲ್ಲೇ ಇದನ್ನೂ ಉರುಟಾಗಿ ಮಡಿಸಬೇಕು. ಉಗುರಿನಿಂದ ಗೆರೆ ಹಾಕಿದಂತೆ ಮಡಿಸಿದರೆ ಒಳಗಿನ ತಾಮ್ರದ ಗೆರೆ ಸೀಳುತ್ತದೆ. ತುದಿಯನ್ನು ಕನೆಕ್ಟರಿಗೆ ಕೂಡಿಸಿ, ಲಾಕ್ ಮುಚ್ಚಿ, ಬ್ಯಾಟರಿಯ ಕನೆಕ್ಟರನ್ನೂ ಕೂಡಿಸಿ, ಮುಚ್ಚಳ ಹಾಕುವ ಮೊದಲೇ ಪರೀಕ್ಷಿಸಬೇಕು. ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದಾಗ ಕಂಪನಿಯ ಹೆಸರು ಪರದೆಯ ಮೇಲೆ ಮೂಡಿದರೆ ಅರ್ಧ ಗೆದ್ದಂತೆ. ವಾಲ್ಯೂಮ್ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಏನೂ ಮೂಡದಿದ್ದರೆ ಗಾಬರಿಯಾಗದೆ ಬ್ಯಾಟರಿ ಬಿಡಿಸಿ ಫ್ಲೆಕ್ಸ್‌ನ ತುದಿಯನ್ನು ಮತ್ತೊಮ್ಮೆ ತೆಗೆದು ಕೂಡಿಸಿ. ತುದಿ ಓರೆಯಾಗಿ ಕುಳಿತಿರುವುದೇ ಹೆಚ್ಚಿನ ಬಾರಿ ಕಾರಣವಾಗಿರುತ್ತದೆ. ಆಮೇಲೂ ಆಗದಿದ್ದರೆ ಒಂದು ಗಂಟೆ ಚಾರ್ಜರಿಗೆ ಹಾಕಿ ನೋಡಬೇಕು. ಅದಕ್ಕೂ ಬಗ್ಗದಿದ್ದರೆ ತಪ್ಪು ಮದರ್‌ಬೋರ್ಡಿನಲ್ಲಿದ್ದು, ಮನೆಯ ಮೇಜಿನ ಮೇಲೆ ಮುಗಿಯುವ ಕೆಲಸ ಅದಲ್ಲ.

ಎಲ್ಲವೂ ಸರಿಯಿದ್ದರೆ ಟ್ಯಾಬ್ಲೆಟ್ ಆಫ್ ಮಾಡಿ, ಬ್ಯಾಟರಿ ಬಿಡಿಸಿ, ಅಂಟಿನ ಕಾಗದ ಸುಲಿದು ಪಟ್ಟಿಯನ್ನು ಗೋಡೆಗೆ ಒತ್ತಿ, ಲೋಹದ ತಗಡನ್ನು ಹಾಕಿ, ಬ್ಯಾಟರಿಯನ್ನು ಮತ್ತೆ ಕೂಡಿಸಬೇಕು. ಸ್ಕ್ರೂಗಳನ್ನು ಅವು ಬಂದ ತೂತುಗಳಿಗೇ ಹಾಕಬೇಕೆಂಬುದು ಬರಿಯ ಶಿಸ್ತಿನ ಮಾತಲ್ಲ: ಒಂದು ಮಿಲಿಮೀಟರಿನಷ್ಟು ಹೆಚ್ಚು ಉದ್ದವಿರುವ ಸ್ಕ್ರೂ ತಪ್ಪು ತೂತಿಗೆ ಹೋದರೆ ಅದರ ತುದಿ ಕೆಳಗಿನ ಬೋರ್ಡನ್ನೋ ಪರದೆಯನ್ನೋ ಚುಚ್ಚುತ್ತದೆ. ಮುಚ್ಚಳವನ್ನು ಬಟನ್‌ಗಳಿರುವ ಬದಿಯಿಂದ ಕೂರಿಸಲು ತೊಡಗಿ, ಬಟನ್ ಟಿಕ್ ಎನ್ನುವುದನ್ನು ಖಚಿತಪಡಿಸಿಕೊಂಡು, ಸುತ್ತಲೂ ಹೆಬ್ಬೆರಳಿನಿಂದ ಒತ್ತುತ್ತಾ ಬಂದರೆ ಕೊಂಡಿಗಳು ಒಂದೊಂದಾಗಿ ಕೂಡಿಕೊಳ್ಳುತ್ತವೆ. ಒಂದು ಕಡೆ ಮಾತ್ರ ಕೂಡದೆ ಉಬ್ಬಿ ನಿಂತರೆ ಬಲವಂತ ಮಾಡದೆ ಮತ್ತೆ ಬಿಚ್ಚಿ ನೋಡಿ. ಯಾವುದೋ ತಂತಿ ಅಂಚಿಗೆ ಸಿಕ್ಕಿಕೊಂಡಿರುತ್ತದೆ. ಕಾರ್ಡಿನ ಟ್ರೇಯನ್ನು ಕಟ್ಟಕಡೆಗೆ ತೂರಿಸಿದರೆ ಸಾಕು.

ಹಳೆಯ ಫ್ಲೆಕ್ಸನ್ನು ಅಂದೇ ಎಸೆಯಬೇಡಿ. ಒಂದೆರಡು ವಾರ ಹೊಸದು ತಡೆಯುತ್ತದೆಯೇ ಎಂದು ನೋಡುವವರೆಗೆ ಅದನ್ನು ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ಮಾದರಿ ಸಂಖ್ಯೆ ಬರೆದಿಡಿ. ಅಗ್ಗದ ಫ್ಲೆಕ್ಸ್‌ಗಳಲ್ಲಿ ಪವರ್ ಸ್ವಿಚ್ ಚೆನ್ನಾಗಿದ್ದು ವಾಲ್ಯೂಮ್ ಸ್ವಿಚ್ ಕೈಕೊಡುವುದನ್ನು ನಾನು ಕಂಡಿದ್ದೇನೆ, ಮತ್ತು ಆಗ ಬೆಸುಗೆ ಬಲ್ಲ ಅಂಗಡಿಯವರು ಹಳೆಯದರಲ್ಲಿ ಉಳಿದಿರುವ ಒಳ್ಳೆಯ ಸ್ವಿಚ್ಚನ್ನು ಕಿತ್ತು ಹೊಸದಕ್ಕೆ ಕೂರಿಸಿಕೊಡಬಲ್ಲರು.